ಹೈಸ್ಕೂಲ್ ಫುಟ್‌ಬಾಲ್ ಮುಗಿದ ಮೇಲೆ ಆಲ್-ಸ್ಟಾರ್ ಪಂದ್ಯ: ಮಗನನ್ನು ಕಳುಹಿಸಬೇಕೇ?

ಪ್ರಶ್ನೆ: ನಾವು ಟೆಕ್ಸಾಸ್‌ನ ಡಲ್ಲಾಸ್ ಬಳಿ ನೆಲೆಸಿರುವ ಕನ್ನಡ ಕುಟುಂಬ. ಮಗ 12ನೇ ತರಗತಿಯಲ್ಲಿದ್ದಾನೆ, ಶಾಲೆಯ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಲೈನ್‌ಬ್ಯಾಕರ್ (ರಕ್ಷಣೆಯ ಮುಂಚೂಣಿಯ ಹಿಂದೆ ನಿಲ್ಲುವ ಆಟಗಾರ). ನವೆಂಬರ್‌ನಲ್ಲಿ ಅವರ ತಂಡದ ಪಂದ್ಯಗಳೆಲ್ಲ ಮುಗಿದವು. ಎರಡನೇ ವಿಭಾಗದ (ಕಾಲೇಜು ಕ್ರೀಡೆಯ ಮಧ್ಯಮ ಸ್ತರದ) ಕಾಲೇಜೊಂದರ ಕೋಚ್ ಭಾಗಶಃ ಸ್ಕಾಲರ್‌ಶಿಪ್ ಕೊಡುವುದಾಗಿ ಬಾಯಿಮಾತಿನಲ್ಲಿ ಹೇಳಿದ್ದಾರೆ. ಈಗ ಎರಡು ಆಲ್-ಸ್ಟಾರ್ ಪಂದ್ಯಗಳಿಗೆ ಆಹ್ವಾನ ಬಂದಿದೆ. ಒಂದು ಜನವರಿಯಲ್ಲಿ, ಬೇರೆ ರಾಜ್ಯದಲ್ಲಿ. ಅದನ್ನು ಖಾಸಗಿಯವರು ನಡೆಸುತ್ತಾರೆ, ನೋಂದಣಿ ಶುಲ್ಕ ಕೇಳಿದ್ದಾರೆ. ಇನ್ನೊಂದು ಜೂನ್‌ನಲ್ಲಿ, ನಮ್ಮ ಭಾಗದ ಹೈಸ್ಕೂಲ್ ಕೋಚ್‌ಗಳೇ ಸೇರಿ ಮಕ್ಕಳ ಆಸ್ಪತ್ರೆಯ ಸಹಾಯಾರ್ಥ ನಡೆಸುವ ಪಂದ್ಯ. ಮಗನ ಕೋಚ್ ಎರಡಕ್ಕೂ ಹೋಗಲಿ ಎನ್ನುತ್ತಾರೆ, ನಮ್ಮ ಯಜಮಾನರು ಎರಡೂ ಬೇಡ ಎನ್ನುತ್ತಾರೆ. ನಿಮ್ಮ ಅಭಿಪ್ರಾಯವೇನು?

ಉತ್ತರ: ಎರಡು ಆಹ್ವಾನಗಳಿಗೂ ಒಂದೇ ಉತ್ತರ ಕೊಡಲು ಬರುವುದಿಲ್ಲ. ಜನವರಿಯ ಪಂದ್ಯಕ್ಕೆ ನಿಮ್ಮ ಮಗ ಹೋಗುವುದು ಬೇಡ. ಜೂನ್‌ನ ಪಂದ್ಯವನ್ನು, ಅವನು ಸೇರಲಿರುವ ಕಾಲೇಜಿನ ಕೋಚ್ ಒಪ್ಪಿದರೆ ಮತ್ತು ಮುಂದೆ ಹೇಳಲಿರುವ ಕೆಲವು ವ್ಯವಸ್ಥೆಗಳು ಇವೆಯೆಂದು ಖಚಿತವಾದರೆ, ಅವನು ಆಡಬಹುದು. ಈ ತೀರ್ಮಾನಕ್ಕೆ ನಾನು ಬಂದಿರುವುದು ಎರಡು ವಿಷಯಗಳನ್ನು ತೂಗಿ ನೋಡಿ: ಈ ಪಂದ್ಯದಿಂದ ಹುಡುಗನಿಗೆ ಇನ್ನೂ ದೊರೆಯಬೇಕಾದದ್ದು ಏನಾದರೂ ಉಳಿದಿದೆಯೇ, ಮತ್ತು ಅವನಿಗೆ ಗಾಯವಾದರೆ ಅದರ ಹೊರೆಯನ್ನು ಯಾರು ಹೊರುತ್ತಾರೆ.

ಅಮೆರಿಕದ ಈ ಆಟದ ಪರಿಚಯವಿಲ್ಲದ ಓದುಗರಿಗಾಗಿ ಸ್ವಲ್ಪ ಹಿನ್ನೆಲೆ. ಅಲ್ಲಿ ಪ್ರತಿವರ್ಷ ಸುಮಾರು 10 ಲಕ್ಷ ವಿದ್ಯಾರ್ಥಿಗಳು ಹೈಸ್ಕೂಲ್ ಫುಟ್‌ಬಾಲ್ ಆಡುತ್ತಾರೆ. ಆಗಸ್ಟ್ ಕೊನೆಗೆ ಆರಂಭವಾಗುವ ಪಂದ್ಯಗಳು ನವೆಂಬರ್ ಇಲ್ಲವೇ ಡಿಸೆಂಬರ್‌ವರೆಗೆ ನಡೆಯುತ್ತವೆ. ಟೆಕ್ಸಾಸ್‌ನಲ್ಲಿ ರಾಜ್ಯದ ಫೈನಲ್ ತಲುಪುವ ತಂಡ ಒಂದೇ ವರ್ಷದಲ್ಲಿ 16 ಪಂದ್ಯಗಳನ್ನು ಆಡಿರುತ್ತದೆ. ಇದೆಲ್ಲ ಮುಗಿದ ಮೇಲೆ, ಬೇರೆ ಬೇರೆ ಶಾಲೆಗಳಿಂದ ಆಯ್ದ ಹುಡುಗರನ್ನು ಎರಡು ತಂಡಗಳಾಗಿ ಕೂಡಿಸಿ, ಕೆಲವು ದಿನ ಅಭ್ಯಾಸ ಮಾಡಿಸಿ ಆಡಿಸುವುದೇ ಆಲ್-ಸ್ಟಾರ್ ಪಂದ್ಯ. ಇವುಗಳಲ್ಲಿ ತೀರ ಮೇಲಿನ ಸ್ತರದವು ಬೆರಳೆಣಿಕೆಯಷ್ಟು ಮಾತ್ರ: 2000ದಲ್ಲಿ ಆರಂಭವಾಗಿ ಬಹುಕಾಲದಿಂದ ಸ್ಯಾನ್ ಆಂಟೋನಿಯೋದ ಅಲಾಮೋಡೋಮ್‌ನಲ್ಲಿ ನಡೆಯುತ್ತಿರುವ ಆಲ್-ಅಮೆರಿಕನ್ ಬೌಲ್, 2008ರಲ್ಲಿ ಫ್ಲಾರಿಡಾದ ಒರ್ಲ್ಯಾಂಡೋದಲ್ಲಿ ಮೊದಲ್ಗೊಂಡ ಅಂಡರ್ ಆರ್ಮರ್ ಪಂದ್ಯ, 2017ರಲ್ಲಿ ಹವಾಯಿಯಲ್ಲಿ ಆರಂಭವಾದ ಪಾಲಿನೇಷಿಯನ್ ಬೌಲ್. ಇವುಗಳ ಕೆಳಗಿನ ಸ್ತರದಲ್ಲಿ ರಾಜ್ಯಗಳ ಹಳೆಯ ಪಂದ್ಯಗಳಿವೆ. ಎರಡು ಕ್ಯಾರೊಲೈನಾ ರಾಜ್ಯಗಳ ನಡುವಿನ ಶ್ರೈನ್ ಬೌಲ್ 1937ರಷ್ಟು ಹಳೆಯದು, ಅದರ ಆದಾಯ ಮಕ್ಕಳ ಆಸ್ಪತ್ರೆಗಳಿಗೆ ಹೋಗುತ್ತದೆ. ನಿಮ್ಮ ಜೂನ್ ಪಂದ್ಯವೂ ಈ ಜಾತಿಯದು. ಮೂರನೆಯದು ಶುಲ್ಕ ಪಡೆದು ನಡೆಸುವ ಖಾಸಗಿ ಪಂದ್ಯಗಳ ಗುಂಪು. ಅವುಗಳ ಹೆಸರಿನಲ್ಲಿಯೂ ‘ಆಲ್-ಅಮೆರಿಕನ್’, ‘ನ್ಯಾಷನಲ್’ ಎಂಬ ಪದಗಳಿರುವುದರಿಂದ ಹೊಸದಾಗಿ ಈ ಲೋಕಕ್ಕೆ ಬಂದ ತಂದೆತಾಯಿಗಳಿಗೆ ವ್ಯತ್ಯಾಸ ಸುಲಭವಾಗಿ ತಿಳಿಯುವುದಿಲ್ಲ.

ಈ ಪಂದ್ಯಗಳ ಪರವಾಗಿ ಹೇಳುವ ಮೊದಲ ಮಾತು, ದೊಡ್ಡ ಆಟಗಾರರೆಲ್ಲ ಇಲ್ಲಿಂದ ಬಂದವರು ಎಂಬುದು. ಪೆನ್ಸಿಲ್ವೇನಿಯಾದ ಬಿಗ್ 33 ಪಂದ್ಯದಲ್ಲಿ ಜೋ ಮೊಂಟಾನಾ, ಡ್ಯಾನ್ ಮರೀನೋ, ಜಿಮ್ ಕೆಲ್ಲಿಯಂತಹವರು ಆಡಿದ್ದರೆಂಬುದು ನಿಜ. ಆದರೆ ಇಲ್ಲಿ ಕಾರಣವನ್ನೂ ಪರಿಣಾಮವನ್ನೂ ಅದಲುಬದಲು ಮಾಡಲಾಗಿದೆ. ಅವರು ಅಸಾಮಾನ್ಯ ಆಟಗಾರರಾಗಿದ್ದುದರಿಂದ ಅವರನ್ನು ಆ ಪಂದ್ಯಕ್ಕೆ ಕರೆದರೇ ಹೊರತು, ಆ ಪಂದ್ಯ ಆಡಿದ್ದರಿಂದ ಅವರು ಅಸಾಮಾನ್ಯರಾಗಲಿಲ್ಲ. ಇದಕ್ಕಿಂತ ಮುಖ್ಯವಾದದ್ದು ಪಂಚಾಂಗ. ಮೊದಲನೇ ವಿಭಾಗದ ಕಾಲೇಜುಗಳೊಂದಿಗೆ ಫುಟ್‌ಬಾಲ್ ಆಟಗಾರರು ಸ್ಕಾಲರ್‌ಶಿಪ್‌ನ ಲಿಖಿತ ಒಪ್ಪಂದಕ್ಕೆ ಮೊದಲು ಫೆಬ್ರವರಿಯಲ್ಲಿ ಸಹಿ ಹಾಕುತ್ತಿದ್ದರು. 2017ರಿಂದ ಡಿಸೆಂಬರ್‌ನಲ್ಲಿಯೇ ಸಹಿ ಹಾಕುವ ಅವಕಾಶ ಬಂದಿತು, ಈಗ ಬಹುಪಾಲು ಆಟಗಾರರ ಸಹಿ ಆಗಲೇ ಮುಗಿದುಹೋಗುತ್ತದೆ. ಆದ್ದರಿಂದ ಜನವರಿಯಲ್ಲಿ ಸ್ಯಾನ್ ಆಂಟೋನಿಯೋದಲ್ಲಿಯೋ ಫ್ಲಾರಿಡಾದಲ್ಲಿಯೋ ಕಣಕ್ಕಿಳಿಯುವ ಹುಡುಗರಲ್ಲಿ ಹೆಚ್ಚಿನವರಿಗೆ ಆ ದಿನ ಸ್ಕಾಲರ್‌ಶಿಪ್ ಗಳಿಸುವ ಪ್ರಶ್ನೆಯೇ ಇರುವುದಿಲ್ಲ. ಅವರಿಗೆ ಸಿಗುವುದು ಟೆಲಿವಿಷನ್‌ನಲ್ಲಿ ಒಂದು ಮಧ್ಯಾಹ್ನ, ಕೆಲವು ಉಡುಗೊರೆ, ರ‍್ಯಾಂಕಿಂಗ್ ಪಟ್ಟಿಗಳಲ್ಲಿ ಸ್ವಲ್ಪ ಏರಿಳಿತ, ಮತ್ತು ತಮ್ಮಷ್ಟೇ ಬಲಿಷ್ಠರಾದವರ ಎದುರು ಒಂದು ವಾರ ಅಭ್ಯಾಸ ಮಾಡಿದ ಅನುಭವ. ಈ ಕೊನೆಯದನ್ನು ಮಾತ್ರ ನಾನು ನಿಜವಾದ ಲಾಭವೆಂದು ಎಣಿಸುತ್ತೇನೆ.

ನಿಮ್ಮ ಮಗನ ಸ್ಥಿತಿ ಬೇರೆ, ಮತ್ತು ನನ್ನ ದೃಷ್ಟಿಯಲ್ಲಿ ಅದು ಹೆಚ್ಚು ಸೂಕ್ಷ್ಮವಾದದ್ದು. ಎರಡನೇ ವಿಭಾಗದಲ್ಲಿ ಸಹಿಯ ಕಾಲ ಸಾಂಪ್ರದಾಯಿಕವಾಗಿ ಫೆಬ್ರವರಿಯ ಮೊದಲ ವಾರ. ಆ ವಿಭಾಗದ ಒಂದು ಫುಟ್‌ಬಾಲ್ ತಂಡಕ್ಕೆ, ಕಾಲೇಜು ಕ್ರೀಡೆಯನ್ನು ನಿಯಂತ್ರಿಸುವ ಸಂಸ್ಥೆಯಾದ ಎನ್‌ಸಿಎಎ ಅನುಮತಿಸುವುದು ಹೆಚ್ಚೆಂದರೆ 36 ಪೂರ್ಣ ಸ್ಕಾಲರ್‌ಶಿಪ್‌ಗಳಿಗೆ ಸಮನಾದ ಮೊತ್ತವನ್ನು. ಕೋಚ್ ಅದನ್ನು ಒಡೆದು, ನೂರರ ಆಸುಪಾಸಿನಲ್ಲಿರುವ ಆಟಗಾರರಲ್ಲಿ ಹಂಚುತ್ತಾರೆ. ಬಾಯಿಮಾತಿನ ಭರವಸೆ ಕಾಲೇಜನ್ನು ಕಟ್ಟಿಹಾಕುವುದಿಲ್ಲ. ಜನವರಿಯಲ್ಲಿ ಮಗನ ಮೊಣಕಾಲಿಗೆ ಪೆಟ್ಟಾಯಿತೆಂದು ಇಟ್ಟುಕೊಳ್ಳಿ. ಆ ಕೋಚ್ ಎಷ್ಟೇ ಒಳ್ಳೆಯವರಾಗಿದ್ದರೂ, ನಾಲ್ಕು ವಾರದಲ್ಲಿ ಹಂಚಿ ಮುಗಿಸಬೇಕಾದ ಹಣವನ್ನು ಮುಂದಿನ ವರ್ಷ ಆಡಲಾಗದವನಿಗಾಗಿ ತೆಗೆದಿಡುವರೆಂದು ನಿರೀಕ್ಷಿಸುವುದು ಕಷ್ಟ. ಸಹಿಯಾದ ಮೇಲೆ ಪರಿಸ್ಥಿತಿ ಉತ್ತಮ: ಕೊಟ್ಟ ಅವಧಿಯೊಳಗೆ ಗಾಯದ ಕಾರಣಕ್ಕಾಗಿ ಕ್ರೀಡಾ ಸ್ಕಾಲರ್‌ಶಿಪ್ಪನ್ನು ಕಡಿತಗೊಳಿಸುವುದಕ್ಕೆ ಎನ್‌ಸಿಎಎ ನಿಯಮ ಎಡೆಗೊಡುವುದಿಲ್ಲ. ಅಂದರೆ ಅವನಿಗೆ ಅತ್ಯಂತ ಕಡಿಮೆ ರಕ್ಷಣೆ ಇರುವ ನಾಲ್ಕೈದು ವಾರಗಳಲ್ಲಿಯೇ ಈ ಖಾಸಗಿ ಪಂದ್ಯ ಬಂದು ಕೂತಿದೆ.

‘ಸಹಿಯಾಗದ ಹುಡುಗನಿಗೆ ತಾನೇ ನಾಲ್ಕು ಜನರ ಕಣ್ಣಿಗೆ ಬೀಳುವ ಅಗತ್ಯ ಇರುವುದು?’ ಎಂದು ಅವನ ಕೋಚ್ ಕೇಳಬಹುದು, ಆ ಪ್ರಶ್ನೆಯಲ್ಲಿ ಹುರುಳಿಲ್ಲದಿಲ್ಲ. ಕಾಲೇಜುಗಳ ನಡುವೆ ಆಟಗಾರರ ವರ್ಗಾವಣೆ ಸಲೀಸಾದಂದಿನಿಂದ ಅನೇಕ ಕೋಚ್‌ಗಳು 18ರ ಹುಡುಗನಿಗಿಂತ ಎರಡು ವರ್ಷ ಪಳಗಿದ 20ರ ಯುವಕನನ್ನು ಬಯಸುತ್ತಾರೆ. ಕಾಲೇಜು ಆಟಗಾರರ ಮೊಕದ್ದಮೆಯಲ್ಲಿ 2025ರಲ್ಲಿ ನ್ಯಾಯಾಲಯ ಅಂಗೀಕರಿಸಿದ ಒಪ್ಪಂದದ ಬಳಿಕ ಮೊದಲನೇ ವಿಭಾಗದ ಅದಕ್ಕೊಳಪಟ್ಟ ಫುಟ್‌ಬಾಲ್ ತಂಡಗಳಿಗೆ 105 ಆಟಗಾರರ ಮಿತಿ ಬಂದದ್ದರಿಂದ, ಅಲ್ಲಿ ಸ್ಥಾನ ಸಿಗದವರು ಕೆಳಗಿನ ವಿಭಾಗಗಳತ್ತ ಬರುತ್ತಿದ್ದಾರೆ. ಹೈಸ್ಕೂಲಿನಿಂದ ನೇರವಾಗಿ ಬರುವವರಿಗೆ ಸ್ಥಾನಗಳು ಕಿರಿದಾಗಿರುವ ಈ ಹೊತ್ತಿನಲ್ಲಿ, ಯಾವ ಕಾಲೇಜಿನಿಂದಲೂ ಕರೆ ಬಾರದ, ಆದರೆ ನಿಜಕ್ಕೂ ಸಮರ್ಥನಾದ ಹುಡುಗನೊಬ್ಬ ರಾಜ್ಯದ ಕೋಚ್‌ಗಳ ಸಂಘ ನಡೆಸುವ, ಶುಲ್ಕವಿಲ್ಲದ ಪಂದ್ಯಕ್ಕೆ ಡಿಸೆಂಬರ್‌ನಲ್ಲಿಯೋ ಜನವರಿಯಲ್ಲಿಯೋ ಆಯ್ಕೆಯಾದರೆ ನಾನು ಹೋಗು ಎಂದೇ ಹೇಳುತ್ತೇನೆ. ನಿಮ್ಮ ಮಗನಿಗೆ ಬಂದಿರುವುದು ಅಂತಹ ಆಹ್ವಾನವಲ್ಲ. ಶುಲ್ಕ ಕೊಟ್ಟವರಿಗೆಲ್ಲ ಸ್ಥಾನವಿರುವ ಪಂದ್ಯದಲ್ಲಿ ಆಡಿದನೆಂಬುದು ಕಾಲೇಜಿನ ಕೋಚ್‌ಗೆ ಯಾವ ಮಾಹಿತಿಯನ್ನೂ ಕೊಡುವುದಿಲ್ಲ. ಎದುರಾಳಿ ಯಾರು, ಅವನ ಮಟ್ಟವೇನು ಎಂದು ತಿಳಿಯದ ಪಂದ್ಯದ ವಿಡಿಯೊಗಿಂತ, ತನಗೆ ಗೊತ್ತಿರುವ ಜಿಲ್ಲೆಯ ಹತ್ತು ಪಂದ್ಯಗಳ ವಿಡಿಯೊವನ್ನು ಆತ ನಂಬುತ್ತಾನೆ. ಆ ವಿಡಿಯೊ ಈಗಾಗಲೇ ಹಡಲ್ ಎಂಬ ಕ್ರೀಡಾ ವಿಡಿಯೊ ತಾಣದಲ್ಲಿ ಇದ್ದೇ ಇರುತ್ತದೆ. ನೋಂದಣಿ, ವಿಮಾನ, ಹೋಟೆಲ್ ಎಂದು ನೀವು ಮಾಡಲಿರುವ ವೆಚ್ಚದ ಒಂದು ಭಾಗದಲ್ಲಿ, ಅವನ ಬಗ್ಗೆ ಆಸಕ್ತಿ ತೋರಿದ ಒಂದೆರಡು ಕಾಲೇಜುಗಳಿಗೆ ಖುದ್ದಾಗಿ ಭೇಟಿ ಕೊಟ್ಟು ಲೈನ್‌ಬ್ಯಾಕರ್‌ಗಳ ಕೋಚ್ ಜೊತೆ ಒಂದು ಗಂಟೆ ಕುಳಿತು ಬಂದರೆ ಹೆಚ್ಚಿನ ಫಲ ಸಿಕ್ಕೀತು.

ಇನ್ನು ಗಾಯದ ವಿಷಯ. ಫುಟ್‌ಬಾಲ್‌ನಲ್ಲಿ ಅಭ್ಯಾಸಕ್ಕಿಂತ ಪಂದ್ಯದ ವೇಳೆ ಗಾಯಗಳ ಪ್ರಮಾಣ ಹಲವು ಪಟ್ಟು ಹೆಚ್ಚು ಎಂಬುದು ಹೈಸ್ಕೂಲ್ ಮಟ್ಟದಲ್ಲಿ ವರ್ಷಗಳಿಂದ ದಾಖಲಾಗುತ್ತಾ ಬಂದಿರುವ ಸಂಗತಿ. ಆಲ್-ಸ್ಟಾರ್ ಪಂದ್ಯದಲ್ಲಿ ಇದರ ಮೇಲೆ ಇನ್ನೆರಡು ಅಂಶಗಳು ಸೇರುತ್ತವೆ. ಎದುರಿಗಿರುವ ಪ್ರತಿಯೊಬ್ಬನೂ ತನ್ನ ಶಾಲೆಯ ಅತ್ಯಂತ ಬಲಶಾಲಿ ಅಥವಾ ಅತ್ಯಂತ ವೇಗಿ. ಅಕ್ಕಪಕ್ಕದಲ್ಲಿರುವವರೊಂದಿಗೆ ಆಡಿ ಅಭ್ಯಾಸವಾಗಿರುವುದು ಮೂರು ದಿನವೋ ಆರು ದಿನವೋ. ಪಕ್ಕದವನು ಯಾವ ಕಡೆ ತಿರುಗುತ್ತಾನೆಂದು ಗೊತ್ತಿಲ್ಲದಿರುವಾಗಲೇ ಸ್ವಂತ ತಂಡದವರೇ ಮೊಣಕಾಲಿನ ಮೇಲೆ ಬೀಳುವುದು. ಆಯೋಜಕರಿಗೂ ಇದು ತಿಳಿದಿದೆ. ಆದ್ದರಿಂದಲೇ ಇಂತಹ ಹಲವು ಪಂದ್ಯಗಳಲ್ಲಿ ಬ್ಲಿಟ್ಜ್ (ಹಿಂದಿನ ರಕ್ಷಣಾ ಆಟಗಾರರೂ ಚೆಂಡು ಎಸೆಯುವವನ ಮೇಲೆ ನುಗ್ಗುವುದು) ಮಾಡಕೂಡದು, ರಕ್ಷಣಾ ವ್ಯೂಹ ಇಂತಿಷ್ಟೇ ಇರಬೇಕು ಎಂಬ ವಿಶೇಷ ನಿಯಮಗಳಿರುತ್ತವೆ. ಬ್ಲಿಟ್ಜ್ ಇಲ್ಲದ ಪಂದ್ಯದಲ್ಲಿ ಲೈನ್‌ಬ್ಯಾಕರ್‌ಗೆ ತನ್ನ ಕೌಶಲದ ಅರ್ಧದಷ್ಟನ್ನು ತೋರಿಸುವ ಅವಕಾಶವೂ ಇರುವುದಿಲ್ಲವೆಂಬುದನ್ನು ಮಗನಿಗೆ ಹೇಳಿ, ಅವನು ಒಪ್ಪಬಹುದು.

ಮೊಣಕಾಲಿನ ಎಸಿಎಲ್ ಎಂಬ ಅಸ್ಥಿಬಂಧ ಹರಿದರೆ ಶಸ್ತ್ರಚಿಕಿತ್ಸೆಯ ಬಳಿಕ ಆಟಕ್ಕೆ ಮರಳಲು ಸಾಮಾನ್ಯವಾಗಿ ಒಂಬತ್ತು ತಿಂಗಳು ಅಥವಾ ಅದಕ್ಕೂ ಹೆಚ್ಚು ಬೇಕು. ಜನವರಿಯಲ್ಲಾದ ಗಾಯ ಮೊದಲ ಕಾಲೇಜು ವರ್ಷದ ಬಹುಪಾಲನ್ನು ನುಂಗುತ್ತದೆ. ಜೂನ್‌ನಲ್ಲಾದದ್ದು ಇಡೀ ವರ್ಷವನ್ನೇ. ಒಂದು ಹೆಚ್ಚುವರಿ ಪಂದ್ಯದ ಬೆಲೆ ಎಷ್ಟಾಗಬಹುದೆಂದು ಅಮೆರಿಕದ ಕಾಲೇಜು ಆಟಗಾರರು 2016ರಲ್ಲಿ ಕಣ್ಣಾರೆ ಕಂಡರು. ಆ ವರ್ಷದ ಜನವರಿ 1ರಂದು ಫಿಯೆಸ್ಟಾ ಬೌಲ್‌ನಲ್ಲಿ (ಬೌಲ್ ಎಂದರೆ ವರ್ಷದ ಪಂದ್ಯಗಳೆಲ್ಲ ಮುಗಿದ ಮೇಲೆ ಕಾಲೇಜು ತಂಡಗಳು ಆಡುವ ವಿಶೇಷ ಪಂದ್ಯ) ನೋಟರ್ ಡೇಮ್ ವಿಶ್ವವಿದ್ಯಾಲಯದ ಜೇಲನ್ ಸ್ಮಿತ್ (ಅವನೂ ಲೈನ್‌ಬ್ಯಾಕರ್) ಮೊಣಕಾಲಿನ ಎರಡು ಅಸ್ಥಿಬಂಧಗಳನ್ನು ಹರಿದುಕೊಂಡ, ನರಕ್ಕೂ ಪೆಟ್ಟಾಯಿತು. ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ಹೊಸ ಆಟಗಾರರ ಆಯ್ಕೆಯಲ್ಲಿ ಆರಂಭದಲ್ಲಿಯೇ ಹೋಗಬೇಕಿದ್ದವನು 34ನೆಯವನಾಗಿ ಡಲ್ಲಾಸ್ ಕೌಬಾಯ್ಸ್ ಸೇರಿ, ಮೊದಲ ವರ್ಷ ಪೂರ್ತಿ ಹೊರಗುಳಿದ. ಅದೇ ವರ್ಷದ ಕೊನೆಯಲ್ಲಿ ಕಾಲೇಜು ತಾರೆಗಳಾದ ಲಿಯೊನಾರ್ಡ್ ಫೋರ್ನೆಟ್ ಮತ್ತು ಕ್ರಿಶ್ಚಿಯನ್ ಮೆಕ್ಯಾಫ್ರಿ ತಮ್ಮ ಕಾಲೇಜು ತಂಡಗಳ ಬೌಲ್ ಪಂದ್ಯ ಆಡಲಿಲ್ಲ. ಆಗ ಅವರನ್ನು ಸ್ವಾರ್ಥಿಗಳೆಂದು ಜರಿದವರಿದ್ದರು. ಇಂದು ಹಾಗೆ ಬಿಟ್ಟುಕೊಡುವುದು ಸಾಮಾನ್ಯ ಸಂಗತಿ.

ವೃತ್ತಿಪರರ ನಡವಳಿಕೆಯನ್ನೂ ಗಮನಿಸಿ. 1934ರಿಂದ ಶಿಕಾಗೊದಲ್ಲಿ, ಎನ್‌ಎಫ್‌ಎಲ್ ಚಾಂಪಿಯನ್ನರ ವಿರುದ್ಧ ಕಾಲೇಜು ಮುಗಿಸಿದ ಆಯ್ದ ಆಟಗಾರರು ಆಡುವ ಪಂದ್ಯವೊಂದು ನಡೆಯುತ್ತಿತ್ತು. ತಾವು ಹಣ ಕೊಟ್ಟು ಕರೆತಂದ ಹೊಸ ಆಟಗಾರರು ಅಲ್ಲಿ ಗಾಯಗೊಂಡಾರೆಂಬ ತಂಡಗಳ ಅಳುಕು ಮತ್ತು ಏರುತ್ತಿದ್ದ ವಿಮೆಯ ವೆಚ್ಚ ಅದನ್ನು ಸೊರಗಿಸಿದವು. 1976ರ ಜುಲೈನಲ್ಲಿ ಗುಡುಗು ಮಳೆಯಿಂದ ಅರ್ಧಕ್ಕೆ ನಿಂತ ಪಂದ್ಯವೇ ಕೊನೆಯದಾಯಿತು. ಎನ್‌ಎಫ್‌ಎಲ್‌ನ ಸ್ವಂತ ಆಲ್-ಸ್ಟಾರ್ ಪಂದ್ಯವಾದ ಪ್ರೊ ಬೌಲ್ ಕೂಡ 2023ರಲ್ಲಿ ಎದುರಾಳಿಯನ್ನು ಹಿಡಿದು ಕೆಡವುವ ಟ್ಯಾಕಲ್ ಅನ್ನು ಕೈಬಿಟ್ಟು, ಸೊಂಟದ ಪಟ್ಟಿ ಕೀಳುವ ಫ್ಲ್ಯಾಗ್ ಫುಟ್‌ಬಾಲ್ ಆಯಿತು. ಕೋಟಿಗಟ್ಟಲೆ ಸಂಬಳವೂ ಉತ್ಕೃಷ್ಟ ವೈದ್ಯರೂ ಇರುವವರು ಬೇಡವೆಂದ ಅಪಾಯವನ್ನು 17ರ ಹುಡುಗರಿಂದ ಗೌರವದ ಹೆಸರಿನಲ್ಲಿ ನಿರೀಕ್ಷಿಸುವುದು ನನಗಂತೂ ವಿಚಿತ್ರವೆನಿಸುತ್ತದೆ. (ಫ್ಲ್ಯಾಗ್ ಆಟದಲ್ಲಿ ಅಪಾಯವೇ ಇಲ್ಲವೆಂದಲ್ಲ: 1999ರಲ್ಲಿ ಪ್ರೊ ಬೌಲ್ ವಾರದ ಅಂಗವಾಗಿ ಹವಾಯಿಯ ಕಡಲತೀರದ ಮರಳಿನಲ್ಲಿ ನಡೆದ ಅಂತಹ ಆಟದಲ್ಲಿ ರಾಬರ್ಟ್ ಎಡ್ವರ್ಡ್ಸ್ ಎಂಬ ಹೊಸ ಆಟಗಾರನ ಮೊಣಕಾಲು ಎಷ್ಟು ಕೆಟ್ಟದಾಗಿ ಜಖಂಗೊಂಡಿತೆಂದರೆ, ಆತ ಎನ್‌ಎಫ್‌ಎಲ್ ಮೈದಾನಕ್ಕೆ ಮರಳಿದ್ದು 2002ರಲ್ಲಿ.)

ತಲೆಗೆ ಬೀಳುವ ಪೆಟ್ಟಿನ ಬಗ್ಗೆ ನಿಮ್ಮ ಯಜಮಾನರಿಗೆ ಹೆಚ್ಚಿನ ಆತಂಕವಿರಬಹುದು. ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೈಸ್ಕೂಲ್ ಮಟ್ಟದವರೆಗೆ ಮಾತ್ರ ಆಡಿದ್ದ 14 ಮಂದಿಯಲ್ಲಿ 3 ಮಂದಿಯ ಮಿದುಳಿನಲ್ಲಿ ಸಿಟಿಇ ಎಂಬ ಕ್ಷಯಕಾರಿ ಕಾಯಿಲೆಯ ಗುರುತುಗಳು ಕಂಡವು; ಕಾಲೇಜಿನವರೆಗೆ ಆಡಿದ್ದ 53ರಲ್ಲಿ 48 ಮಂದಿಯಲ್ಲಿ ಕಂಡವು. ಇವು ದಾನವಾಗಿ ಬಂದ ಮಿದುಳುಗಳು, ರೋಗಲಕ್ಷಣಗಳಿದ್ದುದರಿಂದಲೇ ಅನೇಕ ಕುಟುಂಬಗಳು ದಾನ ಮಾಡಿದ್ದವು. ಆದ್ದರಿಂದ ಈ ಪ್ರಮಾಣವನ್ನು ಎಲ್ಲ ಆಟಗಾರರಿಗೂ ಹಚ್ಚಬಾರದು. ಅಪಾಯ ಹೆಚ್ಚುವುದು ಆಡಿದ ವರ್ಷಗಳೊಂದಿಗೆ ಎಂಬುದು ಇದೇ ತಂಡದ ಮುಂದಿನ ಅಧ್ಯಯನದ ಸಾರ. ಹೀಗಾಗಿ ಇನ್ನೂ ನಾಲ್ಕು ವರ್ಷ ಕಾಲೇಜಿನಲ್ಲಿ ಆಡಲು ಹೊರಟಿರುವ ಹುಡುಗನ ವಿಷಯದಲ್ಲಿ, ದೀರ್ಘಕಾಲದ ಅಪಾಯವನ್ನು ಈ ಒಂದು ಪಂದ್ಯದ ತಲೆಗೆ ಕಟ್ಟುವುದು ನ್ಯಾಯವಲ್ಲ. ಆ ಚರ್ಚೆ ನಡೆಯಬೇಕಾದದ್ದು ಕಾಲೇಜು ಫುಟ್‌ಬಾಲ್ ಬೇಕೇ ಎಂಬ ಮಟ್ಟದಲ್ಲಿ. ಆಲ್-ಸ್ಟಾರ್ ಪಂದ್ಯಕ್ಕೆ ವಿಶೇಷವಾದ ಅಪಾಯ ಬೇರೊಂದಿದೆ. ಪೆಟ್ಟು ಬಿದ್ದ ಮೇಲೆ ಮಗ ಎಂದಿನಂತಿಲ್ಲ ಎಂದು ಗುರುತಿಸಬಲ್ಲವರು ಅವನನ್ನು ವರ್ಷಗಟ್ಟಲೆ ಕಂಡ ಶಾಲೆಯ ಅಥ್ಲೆಟಿಕ್ ಟ್ರೇನರ್ (ಆಟಗಾರರ ಗಾಯಗಳನ್ನು ನೋಡಿಕೊಳ್ಳುವ ಆರೋಗ್ಯ ತಜ್ಞರು). ಬೇರೆ ರಾಜ್ಯದ ಮೈದಾನದ ಅಂಚಿನಲ್ಲಿ ಅವರು ಇರುವುದಿಲ್ಲ. 2009ರಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ಆರಂಭವಾಗಿ ಎಲ್ಲ ರಾಜ್ಯಗಳಿಗೂ ಹಬ್ಬಿದ ಕಾನೂನುಗಳು ತಲೆಪೆಟ್ಟಿನ ಶಂಕೆಯಿರುವ ವಿದ್ಯಾರ್ಥಿಯನ್ನು ಹೊರಗೆ ಕೂರಿಸಲೇಬೇಕೆನ್ನುತ್ತವೆ. ಆದರೆ ಅವು ಮುಖ್ಯವಾಗಿ ಶಾಲಾ ಕ್ರೀಡೆಯನ್ನು ಗಮನದಲ್ಲಿಟ್ಟು ರಚಿತವಾದವು. ಖಾಸಗಿ ಪಂದ್ಯಕ್ಕೆ ಅವು ಎಷ್ಟರಮಟ್ಟಿಗೆ ಅನ್ವಯಿಸುತ್ತವೆಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ.

ಇಷ್ಟು ಹೇಳಿದ ಮೇಲೂ ಜೂನ್‌ನ ಪಂದ್ಯಕ್ಕೆ ನಾನು ಬಾಗಿಲು ಮುಚ್ಚದಿರುವುದಕ್ಕೆ ಕಾರಣವಿದೆ. ತನ್ನ ಊರಿನವರು, ತನ್ನ ಎದುರು ಆಡಿದ ಕೋಚ್‌ಗಳು ಕರೆದು ಕೊಡುವ ಮನ್ನಣೆಗೆ ಒಂದು ತೂಕವಿದೆ, ಅಮೆರಿಕದ ಊರುಗಳು ಅದನ್ನು ಹಗುರವಾಗಿ ನೋಡಿಲ್ಲ. 1965ರಲ್ಲಿ ಷಾರ್ಲಟ್ ನಗರದ ಅತ್ಯುತ್ತಮ ಆಟಗಾರರಲ್ಲಿ ಒಬ್ಬನಾದ ಕಪ್ಪು ವರ್ಣೀಯ ಹುಡುಗ ಜಿಮ್ಮಿ ಲೀ ಕರ್ಕ್‌ಪ್ಯಾಟ್ರಿಕ್‌ನನ್ನು ಕ್ಯಾರೊಲೈನಾಗಳ ಶ್ರೈನ್ ಬೌಲ್‌ಗೆ ಆಯ್ಕೆ ಮಾಡದಿದ್ದಾಗ, ವಕೀಲ ಜೂಲಿಯಸ್ ಚೇಂಬರ್ಸ್ ನ್ಯಾಯಾಲಯದ ಮೆಟ್ಟಿಲೇರಿದರು. ಆ ನವೆಂಬರ್‌ನಲ್ಲಿ ಅವರದೂ ಸೇರಿದಂತೆ ನಾಲ್ವರು ಹೋರಾಟಗಾರರ ಮನೆಗಳ ಮೇಲೆ ಬಾಂಬ್ ದಾಳಿ ನಡೆಯಿತು. ಮರುವರ್ಷ ಮೊದಲ ಬಾರಿಗೆ ಕಪ್ಪು ಆಟಗಾರರು ಆ ಪಂದ್ಯದಲ್ಲಿ ಆಡಿದರು. ಹೈಸ್ಕೂಲ್ ಆಟಗಾರರಲ್ಲಿ ಎನ್‌ಸಿಎಎ ಕಾಲೇಜುಗಳಲ್ಲಿ ಆಟ ಮುಂದುವರಿಸುವವರು ನೂರಕ್ಕೆ ಸುಮಾರು ಏಳು ಮಂದಿ ಮಾತ್ರ. ಉಳಿದವರಲ್ಲಿ ಆಯ್ಕೆಯಾದ ಕೆಲವರಿಗೆ ಇದು ಹೆಲ್ಮೆಟ್ ಧರಿಸುವ ಕೊನೆಯ ಸಂದರ್ಭ, ಕಳೆದುಕೊಳ್ಳಲು ಸ್ಕಾಲರ್‌ಶಿಪ್ಪೂ ಇರುವುದಿಲ್ಲ. ಅವರು ಸಂತೋಷದಿಂದ ಆಡಲಿ. ಹೆಚ್ಚು ಪ್ರತಿಭೆಯಿರುವವನೇ ಹೆಚ್ಚು ಹಿಂಜರಿಯಬೇಕಾದ ಪರಿಸ್ಥಿತಿ ಇದು, ಹುಡುಗರಿಗೆ ಇದನ್ನು ಅರ್ಥಮಾಡಿಸುವುದು ಸುಲಭವಲ್ಲ.

ನಿಮ್ಮ ಮಗ ಇವೆರಡರ ನಡುವಿನವನು. ಫೆಬ್ರವರಿಯಲ್ಲಿ ಸಹಿಯಾದ ಮೇಲೆ ಅವನೇ ಕಾಲೇಜಿನ ಕೋಚ್‌ಗೆ ಫೋನ್ ಮಾಡಿ ಜೂನ್‌ನ ಪಂದ್ಯದ ವಿಷಯ ಕೇಳಲಿ. ನೀವು ಕೇಳುವುದು ಬೇಡ. ಅನೇಕ ಕಾಲೇಜುಗಳು ಹೊಸ ಆಟಗಾರರನ್ನು ಬೇಸಿಗೆಯಲ್ಲಿಯೇ ದೇಹಸಾಧನೆಗೆ ಕರೆಯುತ್ತವೆ, ದಿನಾಂಕಗಳು ಡಿಕ್ಕಿ ಹೊಡೆದರೆ ಪ್ರಶ್ನೆ ಅಲ್ಲಿಗೇ ಮುಗಿಯಿತು. ಹೈಸ್ಕೂಲ್ ಪದವಿಗೆ ಮುಂಚೆ ಎರಡಕ್ಕಿಂತ ಹೆಚ್ಚು ಆಲ್-ಸ್ಟಾರ್ ಪಂದ್ಯ ಆಡಿದವನ ಕಾಲೇಜು ಅರ್ಹತೆಗೆ ಕುತ್ತು ತರುವ ಎನ್‌ಸಿಎಎ ನಿಯಮವೂ ಇರುವುದರಿಂದ, ಕಾಲೇಜಿನ ನಿಯಮಪಾಲನಾ ಕಚೇರಿಗೆ ತಿಳಿಸಿಯೇ ಮುಂದುವರಿಯಬೇಕು. ನಿಮಗೆ ಕಿರಿಯ ಮಗನಿದ್ದರೆ ಒಂದು ಎಚ್ಚರಿಕೆ: ಶಾಲಾ ಅರ್ಹತೆ ಇನ್ನೂ ಉಳಿದಿರುವ 10, 11ನೇ ತರಗತಿಯವರು ಹೊರಗಿನ ಆಲ್-ಸ್ಟಾರ್ ಪಂದ್ಯ ಆಡಿದರೆ ಅನೇಕ ರಾಜ್ಯಗಳಲ್ಲಿ ಶಾಲಾ ತಂಡದ ಸ್ಥಾನವನ್ನೇ ಕಳೆದುಕೊಳ್ಳುತ್ತಾರೆ.

ಜೂನ್‌ನ ದೊಡ್ಡ ಶತ್ರು ಟೆಕ್ಸಾಸ್‌ನ ಬಿಸಿಲು. ಪದವಿ ಮುಗಿಸುವ ಹುಡುಗರು ನವೆಂಬರ್‌ನಿಂದ ಪ್ಯಾಡ್ ಧರಿಸಿರುವುದಿಲ್ಲ, ಮತ್ತು ದೇಹ ಸೆಕೆಗೆ ಒಗ್ಗಲು 10ರಿಂದ 14 ದಿನ ಬೇಕು. ಆದ್ದರಿಂದ ಪಂದ್ಯಕ್ಕೆ ಮೂರು ವಾರ ಮೊದಲೇ ಅವನು ಹೊರಗಿನ ಬಿಸಿಲಿನಲ್ಲಿ, ಮೊದಲು ಹಗುರವಾಗಿ, ಕ್ರಮೇಣ ಹೆಚ್ಚಿಸುತ್ತಾ ಓಡತೊಡಗಲಿ. ಜಿಮ್‌ನ ಹವಾನಿಯಂತ್ರಣದಲ್ಲಿ ಎತ್ತಿದ ಭಾರ ಇದಕ್ಕೆ ಪರ್ಯಾಯವಲ್ಲ. ಆಯೋಜಕರನ್ನು ಕೇಳಬೇಕಾದ ಮೊದಲ ಪ್ರಶ್ನೆ, ಅಭ್ಯಾಸದ ಮೈದಾನದ ಬಳಿ ಮಂಜುಗಡ್ಡೆ ನೀರಿನ ತೊಟ್ಟಿ ಇರುತ್ತದೆಯೇ ಎಂಬುದು. ಶ್ರಮದಿಂದ ಬರುವ ಉಷ್ಣಾಘಾತದಲ್ಲಿ ಅರ್ಧ ಗಂಟೆಯೊಳಗೆ ದೇಹವನ್ನು ತಣಿಸುವುದೇ ಜೀವ ಉಳಿಸುವ ಚಿಕಿತ್ಸೆ, ಆಂಬುಲೆನ್ಸ್ ಹತ್ತಿಸುವುದು ಆಮೇಲಿನ ಕೆಲಸ. ಪರವಾನಗಿ ಪಡೆದ ಅಥ್ಲೆಟಿಕ್ ಟ್ರೇನರ್ ಪಂದ್ಯದ ದಿನ ಮಾತ್ರವಲ್ಲದೆ ಪ್ರತಿ ಅಭ್ಯಾಸಕ್ಕೂ ಇರುತ್ತಾರೆಯೇ, ಹೃದಯಕ್ಕೆ ವಿದ್ಯುತ್ ಆಘಾತ ನೀಡುವ ಎಇಡಿ ಯಂತ್ರ ಕೈಗೆಟುಕುವಂತಿದೆಯೇ ಎಂದೂ ಕೇಳಿ. ಇವನ್ನು ಕೇಳಿದ್ದಕ್ಕೆ ಬೇಸರಪಟ್ಟುಕೊಳ್ಳುವ ಆಯೋಜಕರ ಪಂದ್ಯಕ್ಕೆ ಮಗನನ್ನು ಕಳುಹಿಸಬೇಡಿ.

ವಿಮೆಯ ವಿಷಯವನ್ನು ಲಿಖಿತವಾಗಿ ತಿಳಿದುಕೊಳ್ಳಿ. ಶಾಲೆಯು ತನ್ನ ಆಟಗಾರರಿಗೆ ಮಾಡಿಸಿರುವ ವಿಮೆ ಹೊರಗಿನವರು ನಡೆಸುವ ಪಂದ್ಯಕ್ಕೆ ಅನ್ವಯಿಸುತ್ತದೆಂದು ಭಾವಿಸಬೇಡಿ. ಆಯೋಜಕರ ವಿಮೆ ಸಾಮಾನ್ಯವಾಗಿ ನಿಮ್ಮ ಕುಟುಂಬದ ಆರೋಗ್ಯ ವಿಮೆ ಕೊಟ್ಟು ಮಿಕ್ಕಿದ್ದನ್ನು ಮಾತ್ರ ಒಂದು ಮಿತಿಯವರೆಗೆ ತುಂಬುತ್ತದೆ. ಆ ಮಿತಿ ಎಷ್ಟು, ಶಸ್ತ್ರಚಿಕಿತ್ಸೆಯ ನಂತರದ ತಿಂಗಳುಗಟ್ಟಲೆಯ ಫಿಸಿಯೋಥೆರಪಿ ಅದರಲ್ಲಿ ಸೇರಿದೆಯೇ ಎಂಬುದನ್ನು ಸಹಿ ಮಾಡುವ ಮೊದಲು ಓದಿ. ಉದ್ಯೋಗದಾತರ ಮೂಲಕ ಬರುವ ವಿಮೆಯಲ್ಲಿಯೂ ಮೊದಲ ಕೆಲವು ಸಾವಿರ ಡಾಲರ್ ನಿಮ್ಮ ಜೇಬಿನದೇ ಆಗಿರಬಹುದು. ಜನವರಿಯ ಪಂದ್ಯಕ್ಕೆ ಇದು ಇನ್ನೊಂದು ಅಡ್ಡಿ: ಕೆಲವು ವಿಮೆಗಳು ಬೇರೆ ರಾಜ್ಯದಲ್ಲಿ ತುರ್ತು ಚಿಕಿತ್ಸೆಯನ್ನಷ್ಟೇ ಭರಿಸುತ್ತವೆ.

ಚಿಕ್ಕದಾಗಿ ಕಂಡರೂ ಮುಖ್ಯವಾದ ಇನ್ನೊಂದು ಅಂಶ ಹೆಲ್ಮೆಟ್. ಇಂತಹ ಪಂದ್ಯಗಳಿಗೆ ಹುಡುಗರು ಸಾಮಾನ್ಯವಾಗಿ ತಮ್ಮ ಶಾಲೆಯ ಹೆಲ್ಮೆಟ್ ಮತ್ತು ಪ್ಯಾಡ್‌ಗಳನ್ನೇ ಕೇಳಿ ತರಬೇಕಾಗುತ್ತದೆ. ಶಾಲೆಗಳು ಪಂದ್ಯಗಳು ಮುಗಿದ ಮೇಲೆ ಅವನ್ನು ದುರಸ್ತಿಗೂ ಮರುಪರೀಕ್ಷೆಗೂ ಕಳುಹಿಸಿರುತ್ತವೆ, ಆಗ ಕೈಗೆ ಸಿಗುವುದು ಬೇರೊಬ್ಬನ ಅಳತೆಯದು. ಮಗನ ತಲೆಗೆ ಹೊಂದಿಸಿದ ಅವನದೇ ಹೆಲ್ಮೆಟ್ ಜೂನ್‌ನಲ್ಲಿ ಲಭ್ಯವಿರುತ್ತದೆಯೇ ಎಂದು ಶಾಲೆಯ ಸಲಕರಣೆ ನೋಡಿಕೊಳ್ಳುವವರನ್ನು ಏಪ್ರಿಲ್‌ನಲ್ಲಿಯೇ ಕೇಳಿಡಿ.

ಕೊನೆಯದಾಗಿ ಅವನ ಕೋಚ್ ಬಗ್ಗೆ. ತನ್ನ ಹುಡುಗ ಆಯ್ಕೆಯಾದರೆ ಶಾಲೆಗೂ ಕೋಚ್‌ಗೂ ಹೆಸರು ಬರುತ್ತದೆ, ಆ ಹೆಮ್ಮೆಯಲ್ಲಿ ತಪ್ಪೇನಿಲ್ಲ; ಆದರೆ ಗಾಯವಾದರೆ ಮನೆಯ ಮೆಟ್ಟಿಲು ಹತ್ತಲು ಹುಡುಗನಿಗೆ ಹೆಗಲು ಕೊಡಬೇಕಾದವರು ನೀವು. ಜನವರಿಯ ಆಯೋಜಕರಿಗೆ ಎರಡು ಸಾಲಿನ ಇ-ಮೇಲ್ ಸಾಕು: ಆಹ್ವಾನಕ್ಕೆ ಧನ್ಯವಾದ, ಈ ವರ್ಷ ಭಾಗವಹಿಸುತ್ತಿಲ್ಲ. ಗಡುವು ಮುಗಿಯುತ್ತಿದೆ, ಉಳಿದಿರುವುದು ಕೆಲವೇ ಸ್ಥಾನ ಎಂಬ ಒತ್ತಾಯದ ಮರುಪತ್ರಗಳು ಬಂದರೂ ಬರಬಹುದು, ಉತ್ತರಿಸುವ ಅಗತ್ಯವಿಲ್ಲ. ಜೂನ್‌ನ ಆಹ್ವಾನ ಕಳುಹಿಸಿದ ಕೋಚ್‌ಗಳಿಗೆ ಮಾತ್ರ ಮಗನೇ ಫೋನ್ ಮಾಡಿ, ಸಹಿಯಾದ ಬಳಿಕ ತನ್ನ ಕಾಲೇಜಿನವರನ್ನು ಕೇಳಿ ಮಾರ್ಚ್ ಒಳಗೆ ಖಚಿತವಾಗಿ ತಿಳಿಸುವುದಾಗಿ ಹೇಳಲಿ. ಅವನು ಹಿಂದೆ ಸರಿದರೆ ಆ ಸ್ಥಾನಕ್ಕೆ ಬೇರೊಬ್ಬ ಹುಡುಗನನ್ನು ಕರೆಯಲು ಅವರಿಗೂ ಅಷ್ಟು ಕಾಲಾವಕಾಶ ಬೇಕಾಗುತ್ತದೆ.